ಬೀದಿಗೆಲ್ಲ ಒಂದೇ ನಂಬರು

ಕಮರ್ ಜಹಾನಳಿಗೆ ಅಂಗಡಿ ಇರಲಿಲ್ಲ. ಹುಳಿಯಾರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ, ಪಕ್ಕದಲ್ಲಿ ಇಸ್ತ್ರಿ ಮೇಜು. ಬೋರ್ಡಿಲ್ಲ, ಷಟರಿಲ್ಲ. ಅಂಗಡಿ ಅನ್ನುವುದೇನಿದ್ದರೂ ಫೋನಿನೊಳಗಿತ್ತು. ‘ಕಮರ್ ಬ್ಲೌಸ್ ಡಿಸೈನ್ಸ್’ ಎಂಬ ವಾಟ್ಸಾಪ್ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರಿದ್ದರು. ಹೊಲಿದ ಪ್ರತಿಯೊಂದು ಬ್ಲೌಸಿನ ಬೆನ್ನಿನ ಫೋಟೋ ತೆಗೆದು ಅದರಲ್ಲಿ ಹಾಕುತ್ತಿದ್ದಳು. ಕೆಂಕೆರೆಯವರು, ಚಿಕ್ಕನಾಯಕನಹಳ್ಳಿಯವರು, ಮದುವೆಯಾಗಿ ತಿಪಟೂರು ಸೇರಿದವರು ಅದನ್ನು ನೋಡಿ ಈ ಕತ್ತು ಇರಲಿ, ಆ ತೋಳು ಇರಲಿ ಎಂದು ಬರೆಯುತ್ತಿದ್ದರು. ಬಟ್ಟೆ ಬಸ್ಸಿನಲ್ಲಿ ಬರುತ್ತಿತ್ತು, ಹೊಲಿದದ್ದು ಬಸ್ಸಿನಲ್ಲೇ ಹೋಗುತ್ತಿತ್ತು.

ಅವಳ ನಂಬರು ಮಾತ್ರ ಅವಳೊಬ್ಬಳದೇ ಆಗಿರಲಿಲ್ಲ. ಬೀದಿಯ ಹೆಂಗಸರಲ್ಲಿ ಹಗಲಿಡೀ ಮನೆಯಲ್ಲಿದ್ದು ಫೋನ್ ಎತ್ತುವವಳು ಅವಳೊಬ್ಬಳೇ. ಉಳಿದವರು ಬೆಳಗಾದರೆ ಕೊಬ್ಬರಿ ಗೋದಾಮಿಗೋ ನಾರಿನ ಕಾರ್ಖಾನೆಗೋ ಹೊರಟುಬಿಡುತ್ತಿದ್ದರು. ಹಾಗಾಗಿ ಗ್ಯಾಸ್ ಏಜೆನ್ಸಿಯಲ್ಲಿ, ರೇಷನ್ ಅಂಗಡಿಯಲ್ಲಿ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಕಮರಮ್ಮನ ನಂಬರನ್ನೇ ಬರೆಸಿದ್ದರು. ಮೆಸೇಜಿನ ಸದ್ದಾದರೆ ಅವಳು ಪೆಡಲು ತುಳಿಯುವುದನ್ನು ನಿಲ್ಲಿಸದೆ, ಅಂಕಿಗಳನ್ನಷ್ಟೇ ನೋಡಿ, ಕೇಳಿದವರಿಗೆ ಹೇಳುತ್ತಿದ್ದಳು. ಯಾವುದರ ಕೋಡು, ಯಾರು ಕಳಿಸಿದ್ದು ಎಂದು ನೋಡುವ ಪದ್ಧತಿ ಇರಲಿಲ್ಲ. ನೋಡಲು ಪುರಸೊತ್ತೂ ಇರಲಿಲ್ಲ.

ಆ ಗುರುವಾರ ಮಧ್ಯಾಹ್ನ ಅವಳು ಮದುವಣಗಿತ್ತಿಯೊಬ್ಬಳ ಬ್ಲೌಸಿಗೆ ಲೈನಿಂಗ್ ಕೂಡಿಸುತ್ತಿದ್ದಳು. ಎದುರುಮನೆಯ ಪುಟ್ಟಗಂಗಮ್ಮನ ಸಿಲಿಂಡರ್ ಬರಬೇಕಿತ್ತು. ಅದರ ಕೋಡು ಬಂತು, ಸಿಲಿಂಡರ್ ತಂದವನು ಬಾಗಿಲಲ್ಲಿ ನಿಂತು ಕೇಳಿದ, ಹೇಳಿದಳು. ಅವನ ಗಾಡಿ ಬೀದಿ ದಾಟುವ ಮೊದಲೇ ಇನ್ನೊಂದು ಕೋಡು ಬಂತು. ಅದರ ಹಿಂದೆಯೇ ಕೆಂಕೆರೆಯ ಮಂಗಳಾಳ ವಾಟ್ಸಾಪ್ ಮೆಸೇಜು: ‘ಅಕ್ಕ, ನಿಮ್ಮ ನಂಬರಿಗೆ ನನ್ನದೊಂದು ಕೋಡ್ ಬಂದಿದೆ, ಬೇಗ ಕಳಿಸಿ.’ ಮಂಗಳಾ ಹಳೆಯ ಗಿರಾಕಿ. ಇವಳೂ ಎಲ್ಲೋ ನನ್ನ ನಂಬರು ಬರೆಸಿದ್ದಾಳೆ ಅಂದುಕೊಂಡು ಕಮರ್ ಅಂಕಿಗಳನ್ನು ಒತ್ತಿ ಕಳಿಸಿದಳು. ಲೈನಿಂಗ್ ಮುಗಿಸಿ ಫೋಟೋ ಹಾಕಲು ಫೋನ್ ಎತ್ತಿಕೊಂಡಾಗ ವಾಟ್ಸಾಪ್ ಅವಳನ್ನು ಹೊರಗೆ ಹಾಕಿತ್ತು. ನಿಮ್ಮ ನಂಬರು ಬೇರೊಂದು ಫೋನಿನಲ್ಲಿ ನಡೆಯುತ್ತಿದೆ ಎಂದು ಬರೆದಿತ್ತು.

ಅದರ ಅರ್ಥ ಅವಳಿಗೆ ಪುಟ್ಟಗಂಗಮ್ಮನಿಂದ ತಿಳಿಯಿತು. ಮುದುಕಿ ಒಂದು ಕೈಯಲ್ಲಿ ಗಂಜಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಸೆರಗು ಹಿಡಿದುಕೊಂಡು ಒಳಗೆ ಬಂದಳು.

“ಇಲ್ಲೇ ಕುಂತಿದ್ದೀಯಲ್ಲೇ ಕಮರವ್ವ. ಮಗೀನ ತುಮ್ಕೂರ್ ಆಸ್ಪತ್ರೇಗೆ ಸೇರ್ಸಿದ್ದೀನಿ, ಅರ್ಜೆಂಟು ದುಡ್ಡು ಹಾಕಿ ಅಂತ ಗುಂಪಿಗೆ ಕಳ್ಸಿದ್ದೀಯಂತೆ. ನನ್ನ ಸೊಸೆ ಗೋದಾಮಿಂದ ಫೋನ್ ಮಾಡಿದ್ಲು.”

“ಯಾವ ಮಗು ಅಜ್ಜಿ?”

“ನಿನಗೆಷ್ಟು ಮಕ್ಕಳವ್ವ? ಇಕ್ರಾ ಕಣೇ.”

ಅಷ್ಟರಲ್ಲಿ ಇಕ್ರಾ ಕಾಲೇಜಿನ ಚೀಲ ಹೊತ್ತುಕೊಂಡು ಬಾಗಿಲಿಗೆ ಬಂದಳು. ಪುಟ್ಟಗಂಗಮ್ಮ ಅವಳ ಕೆನ್ನೆ ಮುಟ್ಟಿ ನೋಡಿ, ಗಂಜಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. “ತಂದಿದ್ದಾಗೈತೆ. ಕುಡ್ಕೋ ಬುಡು,” ಎಂದಳು.

ಸಂಜೆ ಕಮರ್‌ಳ ಗಂಡ ನೂರ್ ಅಹಮದ್ ಬಂದ. ಅವನು ತೆಂಗಿನಕಾಯಿ ಸುಲಿಯುವ ಯಂತ್ರಗಳ ಮೆಕ್ಯಾನಿಕ್. ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದರೆ ಸರಿಹೋಗದ ಯಂತ್ರ ಲೋಕದಲ್ಲಿಲ್ಲ ಎಂದು ನಂಬಿದವನು. ಗ್ರೀಸಿನ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡ. ಒಳಗೆ ಕಳ್ಳ ಸೇರಿಕೊಂಡಿದ್ದಾನೆ, ಪೂರ್ತಿ ಖಾಲಿ ಮಾಡಿದರೆ ಹೋಗುತ್ತಾನೆ ಎಂದು ಇಡೀ ಫೋನನ್ನು ರೀಸೆಟ್ ಮಾಡಿಬಿಟ್ಟ. ಕಳ್ಳ ಈ ಫೋನಿನಲ್ಲಿ ಇರಲೇ ಇಲ್ಲ. ಇದ್ದದ್ದು ನಾಲ್ಕು ವರ್ಷದ ಬ್ಲೌಸುಗಳ ಫೋಟೋ. ಅವು ಹೋದವು.

“ಬೇರೆ ಎಲ್ಲಾದರೂ ಇಟ್ಟಿದ್ದೆಯಾ?” ಎಂದು ಕೇಳಿದ, ಮಾಡಿದ ಮೇಲೆ.

“ನೀವು ಕೇಳೋ ಟೈಮ್ ಚೆನ್ನಾಗಿದೆ.”

ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಅವನು ಇನ್ನೂ ದೊಡ್ಡ ಕೆಲಸಕ್ಕೆ ಕೈಹಾಕುತ್ತಿದ್ದ. ಸಿಮ್ ಹೊರತೆಗೆದು ಎರಡು ಬೆರಳಲ್ಲಿ ಹಿಡಿದು, “ಮುರಿದು ಬಿಸಾಕೋಣ. ಹೊಸ ನಂಬರು ತಗೋ. ಹಳೇದು ಕೆಟ್ಟುಹೋಯ್ತು,” ಎಂದ.

“ಮುರಿದರೆ ನನಗೆ ಗಿರಾಕಿಗಳೇ ಇಲ್ಲ. ಅವರ ನಂಬರೆಲ್ಲ ಅದರೊಳಗಿವೆ. ಇತ್ತ ಕೊಡಿ.”

“ಆ ಹೆಸರಲ್ಲಿ ಅವನು ಭಿಕ್ಷೆ ಎತ್ತುತ್ತಾ ಇದಾನೆ ಕಣೇ.”

“ನನ್ನ ಹೆಸರಲ್ಲವಾ? ಕೊಡಿ ಅಂದೆ.”

ಅವನು ಕೊಟ್ಟ. ಅವಳು ಸಿಮ್ ಹಾಕಿ ವಾಟ್ಸಾಪನ್ನು ಹೊಸದಾಗಿ ಇಳಿಸಿ ತನ್ನ ನಂಬರು ಒತ್ತಿದಳು. ಕೋಡು ಬಂತು. ಈ ಸಲ ಅಂಕಿಗಳನ್ನಷ್ಟೇ ನೋಡಲಿಲ್ಲ. ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಒಂದೊಂದೇ ಪದ ಓದಿದಳು. ಇದು ವಾಟ್ಸಾಪಿನ ಕೋಡು, ಯಾರಿಗೂ ಕೊಡಬೇಡಿ ಎಂದಿತ್ತು. ಮಧ್ಯಾಹ್ನದ ಮೆಸೇಜಿನಲ್ಲೂ ಇದೇ ಇದ್ದಿರಬೇಕು. ಇಷ್ಟು ವರ್ಷ ಬೀದಿಗೆಲ್ಲ ಹಂಚಿದ ಕೋಡುಗಳ ಕೆಳಗೆ ಏನೇನು ಬರೆದಿತ್ತೋ.

ಕೋಡು ಒತ್ತಿದೊಡನೆ ಕಳ್ಳ ಹೊರಬಿದ್ದ. ಆದರೆ ಹೋಗುವ ಮೊದಲು ತನ್ನದೊಂದು ಪಿನ್ ಹಾಕಿ ಹೋಗಿದ್ದ. ಅದು ಗೊತ್ತಿಲ್ಲದಿದ್ದರೆ ಏಳು ದಿನ ಕಾಯಬೇಕು ಎಂದು ಪರದೆ ಹೇಳಿತು. ಅವನೂ ಮಾತಾಡುವಂತಿಲ್ಲ, ಅವಳೂ ಮಾತಾಡುವಂತಿಲ್ಲ. ಅವನು ಬರೆದ ಸುಳ್ಳು ಮಾತ್ರ ಗುಂಪಿನಲ್ಲಿ ಹಾಗೇ ಉಳಿಯಿತು.

ಮಾರನೆಯ ದಿನ ಬೆಳಿಗ್ಗೆಯೇ ದಾನೇಶ್ವರಿ ಬಂದಳು. ಅಂಗನವಾಡಿಯಲ್ಲಿ ಅಡುಗೆ ಮಾಡುವವಳು. ಆ ಮೆಸೇಜು ನೋಡಿ ಹಿಂದೆಮುಂದೆ ನೋಡದೆ ಮೂರು ಸಾವಿರ ಕಳಿಸಿದ್ದಳು.

“ನಿನ್ನ ಮಗಳು ಅಂತ ಕಳ್ಸಿದೆ ಕಣೆ. ಈಗ ನೀನು ‘ನಾನಲ್ಲ’ ಅಂದ್ರೆ ನಾನು ಯಾರನ್ನ ಕೇಳ್ಲಿ?”

ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಬರೆದಿದ್ದ ಸೈಬರ್ ಕಂಪ್ಲೇಂಟಿನ ನಂಬರು, 1930, ಕಮರ್‌ಗೆ ಬಾಯಿಪಾಠವಾಗಿತ್ತು. ದಾನೇಶ್ವರಿಯ ಫೋನಿನಿಂದಲೇ ಮಾಡಿಸಿದಳು. ಆ ಕಡೆಯವರು ಕೇಳಿದ್ದಕ್ಕೆಲ್ಲ ಇಬ್ಬರೂ ಸೇರಿ ಉತ್ತರ ಹೇಳಿದರು. ಅಲ್ಲಿಂದ ಸ್ಟೇಷನ್ನಿಗೂ ಜೊತೆಯಲ್ಲೇ ಹೋದರು. ವಾಪಸ್ ಬರುವಾಗ ದಾನೇಶ್ವರಿ, “ನನ್ನ ಹಸಿರು ಬ್ಲೌಸು ಯಾವಾಗ ಕೊಡ್ತೀಯ?” ಎಂದು ಕೇಳಿದಳು. ಮೊದಲು ಬ್ಲೌಸು, ಆಮೇಲೆ ಕೂಲಿ ಎಂದೂ ಸೇರಿಸಿದಳು.

ಮನೆಗೆ ಬಂದು ಕಮರ್ ಸಿಮ್ಮಿನಲ್ಲಿದ್ದ ನಂಬರುಗಳಿಗೆ ಒಂದೊಂದಾಗಿ ಫೋನ್ ಮಾಡಲು ಕೂತಳು. ನಾನು ಕಮರ್, ಆ ಮೆಸೇಜು ನನ್ನದಲ್ಲ, ದುಡ್ಡು ಹಾಕಬೇಡಿ. ಹೇಳುವುದು ಇಷ್ಟೇ. ಮೊದಲ ಮೂವರು ಪೂರ್ತಿ ಕೇಳದೆ ಇಟ್ಟರು. ನಾಲ್ಕನೆಯವಳು, “ನಿನ್ನೆ ಮೆಸೇಜಾಗಿ ಬಂದೆ, ಇವತ್ತು ಧ್ವನಿಯಾಗಿ ಬಂದೆಯೇನೋ ಕಳ್ಳ,” ಎಂದು ಬೈದಳು. ಕಮರ್ ಆಮೇಲೆ ಹೊಂಬಾಳಮ್ಮನ ನಂಬರು ಒತ್ತಿದಳು.

ಹೊಂಬಾಳಮ್ಮ ಗೋದಾಮಿನಲ್ಲಿ ಕೊಬ್ಬರಿ ಒಡೆಯುವವಳು. ಹಿನ್ನೆಲೆಯಲ್ಲಿ ಮಚ್ಚಿನ ಸದ್ದು ಕೇಳುತ್ತಿತ್ತು.

“ನೀನೇ ಕಮರಮ್ಮ ಅನ್ನಾಕೆ ಏನವ್ವ ಗ್ಯಾರಂಟಿ?”

ಗ್ಯಾರಂಟಿ ಏನಿತ್ತು. ಕಮರ್ ಕಣ್ಣು ಮುಚ್ಚಿದಳು. ಹೊಂಬಾಳಮ್ಮನ ಮುಖಕ್ಕಿಂತ ಮೊದಲು ಅವಳ ಬ್ಲೌಸು ಕಣ್ಣಿಗೆ ಬಂತು.

“ನಿಮ್ಮ ಬಲತೋಳು ಎಡತೋಳಿಗಿಂತ ಮುಕ್ಕಾಲು ಇಂಚು ದಪ್ಪ. ಎರಡಕ್ಕೂ ಒಂದೇ ಅಳತೆ ಇಟ್ಟರೆ ಬಲಗಡೆ ಹೊಲಿಗೆ ಬಿಚ್ಚುತ್ತೆ. ಎಡಭುಜ ಸ್ವಲ್ಪ ಜಾರಿದೆ, ಅದಕ್ಕೆ ಒಳಗೆ ಒಂದು ಪಟ್ಟಿ ಕೊಡ್ತೀನಿ. ಕೊಡೋದು ನಿಮಗೂ ಗೊತ್ತಿಲ್ಲ.”

ಮಚ್ಚಿನ ಸದ್ದು ನಿಂತಿತು.

“ಅಯ್ಯೋ ನಿನ್ನ. ಅದು ನನ್ನ ಗಂಡಂಗೂ ಗೊತ್ತಿಲ್ಲ ಕಣೇ,” ಎಂದು ಹೊಂಬಾಳಮ್ಮ ನಕ್ಕಳು. ಆಮೇಲೆ ಫೋನಿನಾಚೆ ಕೂಗಿದ್ದು ಕೇಳಿಸಿತು: “ಲೇ, ಇದು ನಿಜವಾದ ಕಮರಮ್ಮನೇ. ದುಡ್ಡು ಹಾಕ್ಬ್ಯಾಡ್ರೇ ಯಾರೂ.”

ಗೋದಾಮಿನಲ್ಲಿ ಸುದ್ದಿ ಹಬ್ಬಲು ವಾಟ್ಸಾಪ್ ಬೇಕಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಿರಾಕಿಗಳೇ ಫೋನ್ ಮಾಡತೊಡಗಿದರು. ಕೆಲವರಿಗೆ ನಿಜಕ್ಕೂ ಅನುಮಾನ, ಕೆಲವರಿಗೆ ಮೋಜು. “ನಂದು ಹೇಳು ನೋಡನ,” ಎನ್ನುವರು. ಇವಳು ಹೇಳುವಳು. ನಿಮಗೆ ಕತ್ತು ಹಿಂದೆ ಇಳಿಸಿದರೆ ಸೊಸೆ ಬೈತಾಳೆ. ನಿಮಗೆ ಹೆರಿಗೆ ಆದಮೇಲೆ ಒಂದೂವರೆ ಇಂಚು ಬಿಟ್ಟಿದ್ದೀನಿ. ನಿಮಗೆ ಕೊಕ್ಕೆ ಮುಂದಲ್ಲ, ಹಿಂದೆ. ಮಂಗಳಾ ಅಳುತ್ತಾ ಫೋನ್ ಮಾಡಿದಳು. ಅವಳ ವಾಟ್ಸಾಪನ್ನೂ ಅದೇ ರೀತಿ ಬುಧವಾರವೇ ಕದ್ದಿದ್ದರು; ಅವಳ ಹೆಸರಲ್ಲಿ ಕೋಡು ಕೇಳಿದ್ದು ಕಳ್ಳನೇ ಎಂದು ಅವಳಿಗೆ ತಿಳಿದದ್ದು ಈಗ. ಕಮರ್ ಅವಳಿಗೆ ಬೈಯಲಿಲ್ಲ. ಸಿಮ್ ಮುರಿಯಬೇಡ, ಫೋನ್ ಖಾಲಿ ಮಾಡಬೇಡ, ಮೊದಲು ನಿನ್ನ ನಂಬರನ್ನೇ ಮತ್ತೆ ಒತ್ತು ಎಂದು ಹೇಳಿಕೊಟ್ಟಳು.

ಒಬ್ಬಳ ಹತ್ತಿರ ಮಾತ್ರ ಈ ಉಪಾಯ ಕೆಟ್ಟಿತು. ಮದುವಣಗಿತ್ತಿ ಕೃತಿಕಾ, ತಿಪಟೂರಿನವಳು. ಕಮರ್ ಉತ್ಸಾಹದಲ್ಲಿ ಅವಳ ಎದೆಯ ಅಳತೆ, ಒಳಗೆ ಹಾಕಿದ ಪ್ಯಾಡಿನ ವಿಷಯ ಎಲ್ಲ ಹೇಳಿದಳು. ಕೃತಿಕಾ ಸಣ್ಣ ದನಿಯಲ್ಲಿ, “ಸ್ಪೀಕರ್‌ನಲ್ಲಿತ್ತು ಅಕ್ಕ. ಹುಡುಗನ ಮನೆಯವರು ಬಂದಿದ್ದಾರೆ,” ಎಂದು ಇಟ್ಟಳು. ಮಾರನೆಯ ದಿನ ಅವಳ ಅಣ್ಣ ಬಂದು ಲೈನಿಂಗ್ ಕೂಡಿಸಿದ್ದ ಬಟ್ಟೆಯನ್ನು ಹಾಗೇ ತೆಗೆದುಕೊಂಡು ಹೋದ. ಆಮೇಲಿನ ಫೋನುಗಳಲ್ಲಿ ಕಮರ್ ಮೊದಲು ಸ್ಪೀಕರ್ ಆಫ್ ಮಾಡಿ ಎನ್ನುತ್ತಿದ್ದಳು.

ಆ ಏಳು ದಿನದಲ್ಲಿ ಅವಳು ಹೊಲಿದದ್ದು ಕಡಿಮೆ. ಮಾಡಿದ ಇನ್ನೊಂದು ಕೆಲಸವೆಂದರೆ, ತನ್ನ ನಂಬರು ಬರೆಸಿದ್ದ ಮನೆಯವರನ್ನು ಒಬ್ಬೊಬ್ಬರಾಗಿ ಗ್ಯಾಸ್ ಏಜೆನ್ಸಿಗೂ ರೇಷನ್ ಅಂಗಡಿಗೂ ಕರೆದುಕೊಂಡು ಹೋಗಿ ಅವರವರ ನಂಬರನ್ನೇ ಹಾಕಿಸಿದ್ದು. ಬಟನ್ ಫೋನಿಗೂ ಮೆಸೇಜು ಬರುತ್ತದೆ ಎಂದು ಪುಟ್ಟಗಂಗಮ್ಮನನ್ನು ಒಪ್ಪಿಸುವುದೇ ಕಷ್ಟವಾಯಿತು.

“ನಂಗೆ ಓದಾಕೆ ಬತ್ತದೇನೇ?”

“ಬರಲ್ಲ. ಅದಕ್ಕೆ ಫೋನ್ ಹಿಡ್ಕೊಂಡು ನನ್ನ ಹತ್ರ ಬನ್ನಿ. ಮೇಲಿಂದ ಕೆಳಗೆ ಪೂರ್ತಿ ಓದಿ ಹೇಳ್ತೀನಿ. ಯಾವುದರ ಕೋಡು ಅಂತ ಗೊತ್ತಾದಮೇಲೆ ಅಂಕಿ.”

“ಮೊದ್ಲು ಕುಂತಲ್ಲೇ ಹೇಳ್ತಿದ್ದೆ. ಈಗ ದೊಡ್ಡ ಆಫೀಸರಾಗ್ಬುಟ್ಟೆ.”

“ಆದೆ ಅಜ್ಜಿ. ಏನ್ಮಾಡೋದು.”

ಮುದುಕಿ ಗೊಣಗಿದಳು, ಆದರೆ ಮುಂದಿನ ಸಿಲಿಂಡರಿಗೆ ಫೋನ್ ಹಿಡಿದುಕೊಂಡೇ ಬಂದಳು.

ಮುಂದಿನ ಗುರುವಾರ ವಾಟ್ಸಾಪ್ ತೆರೆಯಿತು. ಕಮರ್ ಮೊದಲು ತನ್ನದೇ ಪಿನ್ ಹಾಕಿದಳು. ಇಕ್ರಾ ಹುಟ್ಟಿದ ತಾರೀಖು ಹಾಕು ಎಂದ ನೂರ್ ಅಹಮದ್. ಅದು ಊರಿಗೆಲ್ಲ ಗೊತ್ತು ಎಂದಳು. ಯಾವುದು ಹಾಕಿದೆ ಎಂದು ಕೇಳಿದ. ನಿಮಗೂ ಹೇಳಲ್ಲ ಎಂದಳು. ಅವನು ಸ್ವಲ್ಪ ಮುನಿಸಿಕೊಂಡ, ಆಮೇಲೆ ಹೋಗಿ ತನ್ನ ಫೋನಿಗೂ ಒಂದು ಹಾಕಿಕೊಂಡ. ಹೊಸದಾಗಿ ತೆಗೆಯುವ ಫೋಟೋಗಳು ಇಂಟರ್ನೆಟ್ಟಿನಲ್ಲೂ ತಾವಾಗಿಯೇ ಉಳಿದುಕೊಳ್ಳುವ ಹಾಗೆ ಇಕ್ರಾ ಮಾಡಿಕೊಟ್ಟಳು.

ಗುಂಪಿಗೆ ಕಮರ್ ಒಂದು ಧ್ವನಿ ಸಂದೇಶ ಹಾಕಿದಳು. ನಾನು ಯಾವತ್ತೂ ಇಲ್ಲಿ ದುಡ್ಡು ಕೇಳಲ್ಲ, ಕೇಳಿದರೆ ನಾನಲ್ಲ. ನನ್ನ ಹೆಸರಲ್ಲಿ ಯಾರಾದರೂ ಕೋಡು ಕೇಳಿದರೆ ಫೋನ್ ಮಾಡಿ, ನಿಮ್ಮ ತೋಳಿನ ಅಳತೆ ಕೇಳಿ. ಕೆಳಗೆ ಹೊಂಬಾಳಮ್ಮ ನಗುವ ಮುಖಗಳನ್ನು ಸಾಲಾಗಿ ಹಾಕಿದಳು. ದಾನೇಶ್ವರಿ ಹಸಿರು ಬ್ಲೌಸು ಹಾಕಿಕೊಂಡು ತೆಗೆದ ಫೋಟೋ ಕಳಿಸಿದಳು. ಅದರ ಕೆಳಗೆ ಇದೇ ಥರ ನಂಗೂ ಎಂದು ಆರು ಜನ ಬರೆದರು. ಕಮರ್ ಟೇಪು ಕೊರಳಿಗೆ ಹಾಕಿಕೊಂಡು ಯಂತ್ರದ ಮುಂದೆ ಕೂತಳು.

ದಾನೇಶ್ವರಿಯ ದುಡ್ಡಿನಲ್ಲಿ ಬ್ಯಾಂಕು ತಡೆದು ನಿಲ್ಲಿಸಿದ್ದ ಎರಡು ಸಾವಿರದ ನೂರು ರೂಪಾಯಿ ಒಂದೂವರೆ ತಿಂಗಳು ಕಳೆದ ಮೇಲೆ ವಾಪಸ್ ಬಂತು. ಒಟ್ಟಾರೆ ಹೋದದ್ದು ಇಷ್ಟು: ನಾಲ್ಕು ವರ್ಷದ ಫೋಟೋಗಳು, ಒಂಬೈನೂರು ರೂಪಾಯಿ, ಒಂದು ವಾರದ ಕೆಲಸ, ಗುಂಪು ಬಿಟ್ಟುಹೋದ ಮೂವತ್ತೊಂದು ಹೆಂಗಸರು, ಮತ್ತು ಕೃತಿಕಾ.