ಇಪ್ಪತ್ತನೇ ನಂಬರು

ಮೈದುನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಇಂಟರ್ನೆಟ್ ಹೋಗುತ್ತಿತ್ತು, ಅವನು ಹೋದರೆ ಬರುತ್ತಿತ್ತು. ಇದು ಅವಳ ಊಹೆಯಲ್ಲ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಸೋಮವಾರ: ಅವನು ಬಂದದ್ದು 1.12, ನೆಟ್ ಹೋದದ್ದು 1.12. ಮಂಗಳವಾರ: 1.09, 1.10.

ಅವಳದು ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸ. ಬೆಳಿಗ್ಗೆ ಬಂದ ಪುಟಗಳನ್ನು ಮಧ್ಯಾಹ್ನ ಎರಡರೊಳಗೆ ಮುದ್ರಣಾಲಯಕ್ಕೆ ವಾಪಸ್ ಕಳಿಸಬೇಕು. ವಿಂಡೋಸ್ ಬದಲು ಪೆಂಗ್ವಿನ್ ಗುರುತಿನ ಲಿನಕ್ಸ್ ಹಾಕಿದ ಅವಳ ಕಂಪ್ಯೂಟರು, ಈ ಮನೆಯ ಲೈನು, ಎರಡೂ ಕೂಡಿದರೆ ಮಾತ್ರ ಅಲ್ಲಿನ ಸರ್ವರ್ ಬಾಗಿಲು ತೆಗೆಯುತ್ತಿತ್ತು. ಎರಡು ದಿನ ತಡವಾಗಿತ್ತು. ಬುಧವಾರವೂ ತಪ್ಪಿದರೆ ಕೆಲಸ ಬೇರೆಯವರಿಗೆ ಎಂದು ಮ್ಯಾನೇಜರ್ ನಯವಾಗಿಯೇ ತಿಳಿಸಿದ್ದರು.

ಬ್ರಾಡ್‌ಬ್ಯಾಂಡ್ ಕಂಪನಿಯವನು ಭಾನುವಾರ ಹೊಸ ರೂಟರ್ ಹಾಕಿ ಹೋಗಿದ್ದ. ಫೋನ್ ಮಾಡಿದರೆ, "ಲೈನ್ ಸರಿ ಇದೆ ಮೇಡಂ. ಲಿನಕ್ಸ್ ಅಂದ್ರೆ ನಮಗೆ ಗೊತ್ತಾಗಲ್ಲ," ಎಂದ. ಲೈನು ಸರಿಯಿತ್ತು, ನಿಜ. ಅತ್ತೆಯ ಫೋನಿನಲ್ಲಿ ಧಾರಾವಾಹಿ ಸರಾಗವಾಗಿ ಓಡುತ್ತಿತ್ತು. ಸಾಯುತ್ತಿದ್ದದ್ದು ಇವಳ ಕಂಪ್ಯೂಟರೊಂದೇ.

ಮೈದುನ ಲಿಫ್ಟ್ ಮೆಕ್ಯಾನಿಕ್. ಮುಂದಿನ ಕೋಣೆ ಹೋದ ತಿಂಗಳವರೆಗೆ ಅವನದಾಗಿತ್ತು. ಇವಳ ಕೆಲಸಕ್ಕೆಂದು ಬಿಡಿಸಿಕೊಂಡಿದ್ದರು. ಅವನು ತುಟಿ ಪಿಟಕ್ ಎನ್ನದೆ ಮಂಚ ಎತ್ತಿಕೊಂಡು ಹಜಾರಕ್ಕೆ ಹೋಗಿದ್ದ. ಆ ಮೌನವೇ ಅವಳಿಗೆ ಈಗ ಬೇರೆ ಥರ ಕಾಣುತ್ತಿತ್ತು.

ಬುಧವಾರ 1.11ಕ್ಕೆ ಬಾಗಿಲ ಬಳಿ ಬೂಟಿನ ಸದ್ದು.

"ಅತ್ತಿಗೆ, ನಿಮ್ಮ ಪೆಂಗ್ವಿನ್‌ಗೆ ಇವತ್ತೂ ಜ್ವರವಾ?"

ಅವಳು ಕಂಪ್ಯೂಟರಿನತ್ತ ಬಾಗಿದಳು. ಪರದೆಯ ಮೇಲೆ ಪಿಂಗ್ ಓಡುತ್ತಿತ್ತು: ಪ್ರತಿ ಸೆಕೆಂಡಿಗೊಮ್ಮೆ ರೂಟರನ್ನು ಕರೆಯುವುದು, ಅದು ಓಗೊಟ್ಟರೆ ಒಂದು ಸಾಲು. ಸಾಲುಗಳು ತಟ್ಟನೆ ನಿಂತವು.

ಮನೆಯ ಪ್ರತಿ ಕಂಪ್ಯೂಟರಿಗೂ ಫೋನಿಗೂ ಬಾಗಿಲ ನಂಬರಿನಂತೆ ಒಂದೊಂದು ನಂಬರಿರುತ್ತದೆ. ಒಂದೇ ನಂಬರು ಎರಡಕ್ಕಿದ್ದರೆ ಒಂದರ ನೆಟ್ ಸಾಯುತ್ತದೆ. ಇವಳದು ಇಪ್ಪತ್ತು. ಅವಳು ಕಂಪ್ಯೂಟರಿನ ವೈರನ್ನೇ ಕಿತ್ತಳು. ಅತ್ತೆಯ ಫೋನು ಇಸಕೊಂಡು ಅದರಿಂದಲೂ ಪಿಂಗ್ ಮಾಡಿ ಇಪ್ಪತ್ತನ್ನು ಕರೆದಳು. ಉತ್ತರ ಬಂತು. ಬೀಗ ಹಾಕಿದ ಮನೆಯೊಳಗಿಂದ ಯಾರೋ "ಯಾರು?" ಎಂದಂತಾಯಿತು.

ಅದೇ ಫೋನಿನಲ್ಲಿ, ಯಾವ ನಂಬರು ಯಾರಿಗೆ ಎಂಬ ರೂಟರಿನ ಪಟ್ಟಿ ತೆರೆದಳು. ಇಪ್ಪತ್ತರ ಎದುರು ಮೈದುನನ ಫೋನಿತ್ತು.

ನೋಟ್‌ಬುಕ್ ಹಿಡಿದು ಊಟದ ಮೇಜಿಗೆ ನಡೆದಳು. "ನನ್ನ ನಂಬರು ನಿನ್ನ ಫೋನಿಗೆ ಯಾಕೆ ಹಾಕ್ಕೊಂಡಿದ್ದೀಯ?"

ಅವನು ತುತ್ತು ನುಂಗಿದ. "ಯಾವ ನಂಬರು?"

"ಇಪ್ಪತ್ತು. ಕೋಣೆ ಹೋಯ್ತು ಅಂತ ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀಯಾ?"

"ಏನೇ ಇದು, ಊಟದ ಹೊತ್ತಲ್ಲಿ," ಎಂದರು ಅತ್ತೆ.

ಅವನು ಫೋನನ್ನು ಇವಳ ಕಡೆ ಸರಿಸಿದ. "ನೀವೇ ನೋಡಿ. ನನಗೆ ಅಲಾರಂ ಇಡೋಕೇ ಸರಿಯಾಗಿ ಬರಲ್ಲ."

ನೋಡಿದಳು. ನಂಬರು 'ತಾನಾಗಿ' ಪಡೆಯುವುದು ಎಂದಿತ್ತು. ರೂಟರ್ ಕೊಟ್ಟದ್ದನ್ನು ಫೋನು ತೆಗೆದುಕೊಂಡಿತ್ತು, ಅಷ್ಟೇ.

ಗಡಿಯಾರದಲ್ಲಿ 1.38. ಕಂಪ್ಯೂಟರಿಗೆ ಹಿಂತಿರುಗಿ ನೆಟ್‌ವರ್ಕಿನ ಫೈಲು ತೆರೆದಳು. ಎರಡು ವರ್ಷದ ಹಿಂದಿನ ತಾರೀಖು, ಇಪ್ಪತ್ತು ಎಂಬ ನಂಬರು, ಮೇಲೊಂದು ಟಿಪ್ಪಣಿ: 'ಕೈಯಾರೆ ಹಾಕಿದ್ದು. ಯಾರೂ ಮುಟ್ಟಬಾರದು.' ಬರೆದವಳು ಅವಳೇ. ಹಳೆಯ ರೂಟರ್ ನೂರರ ಮೇಲಿನ ನಂಬರುಗಳನ್ನಷ್ಟೇ ಹಂಚುತ್ತಿತ್ತು. ಹೊಸದು ಎರಡರಿಂದಲೇ ಶುರುಮಾಡಿ, ಇಪ್ಪತ್ತನ್ನು ಮೈದುನನ ಫೋನಿಗೆ ಕೊಟ್ಟಿತ್ತು. ಅದಕ್ಕೆ ಇವಳ ಟಿಪ್ಪಣಿ ಹೇಗೆ ಗೊತ್ತಾಗಬೇಕು?

ಆ ಸಾಲುಗಳನ್ನು ಅಳಿಸಿ 'ತಾನಾಗಿ' ಎಂದು ಬದಲಿಸಿ, ವೈರು ಸಿಕ್ಕಿಸಿದಳು. ರೂಟರ್ ಇಪ್ಪತ್ತಮೂರು ಕೊಟ್ಟಿತು. ಪುಟಗಳು ಮುದ್ರಣಾಲಯ ಸೇರಿದಾಗ 1.54. 'ತಲುಪಿದೆ' ಎಂದು ಮ್ಯಾನೇಜರ್ ಒಂದೇ ಪದ ಕಳಿಸಿದರು.

ನೋಟ್‌ಬುಕ್ ಮೇಜಿನ ಮೇಲೆಯೇ ಉಳಿದದ್ದು ಆಮೇಲೆ ನೆನಪಾಯಿತು. ಹೋಗಿ ನೋಡಿದರೆ ಮೈದುನ ಕೈ ತೊಳೆದು ಬಂದು ಅದನ್ನು ಓದುತ್ತಿದ್ದ.

"ನಾನು ಬಂದ ಹೊತ್ತು, ಹೋದ ಹೊತ್ತು," ಎಂದ. "ನಮ್ಮ ಸೂಪರ್‌ವೈಸರ್ ಕೂಡ ಇಷ್ಟು ನೀಟಾಗಿ ಬರೆಯಲ್ಲ ಅತ್ತಿಗೆ."

"ತಪ್ಪು ನಂದೇ. ನಂಬರು ಹಾಕಿದ್ದು ನಾನು. ಈಗ ಸರಿಹೋಯ್ತು."

"ಒಳ್ಳೇದಾಯ್ತು."

ಅವನು ಬೂಟು ಹಾಕಿಕೊಂಡು ಹೋದ. ಬಾಗಿಲು ಮುಚ್ಚಿದ ಮೇಲೆ ಅವಳು ಅಭ್ಯಾಸಬಲದಿಂದ ಗಡಿಯಾರ ನೋಡಿದಳು. 2.06. ಪೆನ್ನು ಕೈಯಲ್ಲೇ ಇತ್ತು. ಮತ್ತೆ ರೂಟರಿನ ಪಟ್ಟಿ ತೆರೆದಳು. ಅವನ ಫೋನು ಅಲ್ಲಿಂದ ಹೋದದ್ದು ಈಗಲ್ಲ, 1.40ಕ್ಕೆ. ಅವಳ ಪುಟಗಳು ಹೋಗಲೆಂದು ಊಟದ ನಡುವೆಯೇ ಅವನು ತನ್ನ ಫೋನಿನ ವೈಫೈ ಆರಿಸಿದ್ದ.