ಗೊಂಬೆ ಮನೆಯ ಮಂಚ

“ಸ್ವಲ್ಪ ಮೂಸಿ ನೋಡ್ರಿ ಚಾಚಿ,” ಎಂದು ಹನುಮೇಶ್ ಹೆಬ್ಬೆರಳಿನಷ್ಟಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಕಿಟಕಿಯ ಸರಳುಗಳ ನಡುವೆ ಹಿಡಿದ.

ಪಕ್ಕದ ಮನೆಯ ಮಾಬೂಬೀ ಅದನ್ನು ಮೂಗಿನ ಹತ್ತಿರ ತಂದುಕೊಂಡಳು. “ಏನೂ ವಾಸ್ನೆ ಇಲ್ಲಪ್ಪ. ನಿನ್ನ ಮೂಗೇನು ಬರೀ ಚಸ್ಮಾ ಕೂಡ್ಸಾಕ ಐತೇನು?”

ಹನುಮೇಶ್ ನಗಲಿಲ್ಲ. ಗುತ್ತೂರಿನ ಹತ್ತಿರದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಸ್ಪ್ರೇ ಪೇಂಟ್ ಹೊಡೆದು ಅವನ ಮೂಗು ಸತ್ತಿತ್ತು. ಅವನ ಬಟ್ಟೆಯ ವಾಸನೆಗೇ ಮಗಳು ಶಾಂತಲಾಳ ಉಬ್ಬಸ ಕೆರಳುತ್ತಿತ್ತು. ಹೆಂಡತಿ ಲತಾ ಮಗಳೊಂದಿಗೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಅಕ್ಕನ ಮನೆ ಸೇರಿದ ಮೇಲೆ ಅವನು ಆ ಕೆಲಸ ಬಿಟ್ಟು, ಹರಿಹರದಲ್ಲೇ ಗೋದಾಮೊಂದರ ಕಾವಲಿಗೆ ನಿಂತಿದ್ದ.

“ಭಾನುವಾರ ಬಂದು ನೋಡ್ತೀನಿ,” ಎಂದಿದ್ದಳು ಲತಾ. “ಪೇಂಟ್ ವಾಸ್ನೆ ಇತ್ತಂದ್ರೆ ಇಲ್ಲೇ ಸಾಲಿಗೆ ಸೇರ್ಸ್ತೀನಿ. ಆಮ್ಯಾಲೆ ಕರೀಬ್ಯಾಡ್ರಿ.”

ಫೋನು ಕಸಿದುಕೊಂಡು ಶಾಂತಲಾ ಕೇಳಿದ್ದಳು: “ಅಪ್ಪ, ಗೊಂಬಿ ಮಂಚಕ್ಕ ನೀಲಿ ಬಣ್ಣ ಹಚ್ಚಿರ್ತೀಯಾ?”

ಅದಕ್ಕೇ ನೀರಿನ ಬಣ್ಣ ತಂದ. ಗೊಂಬೆ ಮನೆಯ ಸಾಮಾನುಗಳನ್ನು ಸೋಪಿನಲ್ಲಿ ತೊಳೆದು, ಒಣಗಿಸಿ, ಸಣ್ಣ ಉಪ್ಪುಕಾಗದದಿಂದ ಉಜ್ಜಿ, ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ನೀರಿನ ಪ್ರೈಮರ್ ಅನ್ನೂ ಅದರ ಮೇಲೆ ಬಣ್ಣವನ್ನೂ ಕುಂಚದಲ್ಲೇ ತೆಳ್ಳಗೆ ಹಚ್ಚಿದ. ಕಿಟಕಿ ತೆರೆದು, ಟೇಬಲ್ ಫ್ಯಾನನ್ನು ಹೊರಕ್ಕೆ ತಿರುಗಿಸಿದ್ದ.

ಭಾನುವಾರ ಬೆಳಿಗ್ಗೆ ಮಂಚದ ಒಂದು ಕಾಲಿನ ಬಣ್ಣ ಉಗುರು ತಾಗಿ ಸಿಪ್ಪೆಯಂತೆ ಎದ್ದಿತು. ಅವರು ಬರುವ ಹೊತ್ತಾಗಿತ್ತು. ಕಾರ್ಖಾನೆಯಲ್ಲಿ ಜಿಡ್ಡು ತೆಗೆಯುವ ಘಾಟು ಥಿನ್ನರ್ ಒರೆಸದೆ ಯಾವುದಕ್ಕೂ ಪ್ರೈಮರ್ ಹೊಡೆದವನಲ್ಲ. ಬಚ್ಚಲ ಮೂಲೆಯಲ್ಲಿ ಉಳಿದಿದ್ದ ಬಾಟಲಿಯತ್ತ ಕೈ ತಾನಾಗಿ ಹೋಯಿತು. ಬಟ್ಟೆ ಅದ್ದಿ ಕಾಲು ಒರೆಸಿದ, ಬಟ್ಟೆಯನ್ನು ಜೇಬಿಗೆ ತುರುಕಿದ, ಮತ್ತೆ ಪ್ರೈಮರ್, ಮತ್ತೆ ನೀಲಿ. ಎರಡು ಸಲ ಉಸಿರೆಳೆದು ನೋಡಿದ. ಏನೂ ಇರಲಿಲ್ಲ. ಮಾಬೂಬೀಯನ್ನು ಕೇಳೋಣವೆಂದರೆ ಅವಳು ಸಂತೆಗೆ ಹೋಗಿದ್ದಳು.

ಆಟೊ ನಿಂತಿತು. ಓಡಿ ಬಂದ ಶಾಂತಲಾ ಹೊಸ್ತಿಲಲ್ಲೇ ಕೆಮ್ಮತೊಡಗಿದಳು. ಲತಾ ಅವಳನ್ನು ಹಿಂದಕ್ಕೆಳೆದು ಬಾಯಿಗೆ ಇನ್ಹೇಲರ್ ಹಿಡಿದಳು.

“ಏನ್ ಹಚ್ಚೀರಿ?”

“ನೀರಿನ ಬಣ್ಣನ ಲತಾ. ಬೇಕಾದ್ರ ಚಾಚೀನ ಕೇಳು, ನಿನ್ನೆ ಅವ್ರೇ ಮೂಸಿ—”

“ಅವ್ರನ್ಯಾಕ ಕೇಳ್ಲಿ? ಕೂಸು ಹೇಳಾಕತ್ತೈತಲ್ಲ.”

ಅವನು ಒಂದು ಹೆಜ್ಜೆ ಮುಂದಿಟ್ಟ. ಲತಾ ಅಂಗೈ ಎತ್ತಿ ತಡೆದಳು. ಆಗ ಅವನ ಕೈ ಜೇಬಿನಲ್ಲಿದ್ದ ಒದ್ದೆ ಬಟ್ಟೆಗೆ ತಾಗಿತು. ಲತಾ ಮಗಳನ್ನು ಎತ್ತಿಕೊಂಡು ಆಟೊ ಹತ್ತಿದಳು.

ಅವನು ಒಳಗೆ ಹೋಗಿ ಮಂಚ ತಂದು, ಮಗಳಿಗೆ ಕಾಣಲೆಂದು ಕಿಟಕಿಯಲ್ಲಿಟ್ಟ. ಥಿನ್ನರಿಗೆ ಮೆತ್ತಗಾಗಿದ್ದ ಕಾಲು ಬಾಗಿ ಅದು ಮಗುಚಿತು. ಎತ್ತಿ ಸರಳಿಗೆ ಒರಗಿಸಿದ. ಆಟೊದೊಳಗಿಂದ ಶಾಂತಲಾ, ತಾಯಿಯ ಸೆರಗು ಮೂಗಿಗೊತ್ತಿಕೊಂಡೇ, ಅದರತ್ತ ಬೆರಳು ತೋರಿಸಿದಳು. ಆಟೊ ದಾವಣಗೆರೆ ಕಡೆಗೆ ತಿರುಗಿತು.

ಸ್ವಲ್ಪ ಹೊತ್ತಿಗೆ ಮಾಬೂಬೀ ಸೊಪ್ಪಿನ ಚೀಲ ಹಿಡಿದು ಬಂದಳು. ಕಿಟಕಿಯ ಹತ್ತಿರ ಬರುತ್ತಲೇ ಮೂಗಿಗೆ ಸೆರಗು ಹಿಡಿದಳು. ಒಳಗೆ ನಿಂತಿದ್ದವನ ಮುಖ ಕಂಡು, ಮೆಲ್ಲಗೆ ಸೆರಗು ಕೆಳಗಿಳಿಸಿದಳು.