ಪಾಟಿಯ ನೀರು

ಹಾಲಿರಬೇಕು, ಹುಡುಗಿಯ ತುಟಿಯ ಅಂಚಿಗೆ ಬೆಳ್ಳಗೆ ಒಂದು ಗೆರೆ ಒಣಗಿ ನಿಂತಿದೆ, ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದು ಕೆಂಪು ರಿಬ್ಬನ್ ಕಟ್ಟಿ ಹಣೆತುಂಬ ವಿಭೂತಿ ಎಳೆದು ಇಷ್ಟೆಲ್ಲ ಸಿಂಗಾರ ಮಾಡಿ ಕರೆತಂದವಳಿಗೆ ಬಾಯಿ ಒರೆಸುವುದೊಂದು ನೆನಪಾಗಲಿಲ್ಲ ನೋಡು, ಅಕ್ಕ ಯಾವಾಗಲೂ ಹೀಗೇ, ಮನೆಯೆಲ್ಲ ಸಾರಿಸಿ ಹೊಸ್ತಿಲು ಮರೆಯುವವಳು — ಗುರುಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಏಳಬೇಕೆಂದುಕೊಂಡಳು, ಏಳಲಾಗಲಿಲ್ಲ, ಆಳಂದದ ಈ ಶಾಲೆಯ ಬೆಂಚುಗಳು ಮಕ್ಕಳ ಅಳತೆಯವು, ತಾಲೂಕಿನ ಮಾಸ್ತರರು ಟೀಚರುಗಳೆಲ್ಲ ಮೊಣಕಾಲು ಮಡಚಿ ಅವುಗಳಲ್ಲಿ ಸಿಕ್ಕಿಕೊಂಡು ಕೂತಿದ್ದಾರೆ, ತರಬೇತಿ ಕೊಡಲು ಧಾರವಾಡದಿಂದ ಬಂದ ಮೇಡಂ ಆಗಲೇ ಹೆಸರು ಕರೆದಾಗಿದೆ, ಮಾಣಿಕಮ್ಮ, ಸರಸಂಬಾ ಶಾಲಿ, ನಾಲ್ಕನೇ ಇಯತ್ತೆ, ಬಾರವ್ವ ಇಲ್ಲಿ, ಹೆದರಬ್ಯಾಡ. ಹೆದರಿಲ್ಲ ಅವಳು, ಅದೇ ಆಶ್ಚರ್ಯ, ಶಾಲೆಯಲ್ಲಿ ಪುಸ್ತಕ ತೆರೆ ಎಂದರೆ ಬೆವರುವ ಹುಡುಗಿ ಇವತ್ತು ದೊಡ್ಡ ದೊಡ್ಡ ಹೆಜ್ಜೆ ಹಾಕಿ ಹೋಗಿ ಕುರ್ಚಿಯಲ್ಲಿ ಕೂತಳು, ಕೂತು ಬಾಗಿಲ ಕಡೆ ನೋಡಿದಳು, ಬಾಗಿಲಲ್ಲಿ ಅವಳ ತಾಯಿ, ಗುರುಬಾಯಿಯ ಅಕ್ಕ ಶಿವಕಾಂತಾ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಾಳೆ, ತೊಗರಿ ರಾಶಿ ಬಿಟ್ಟು ಬಂದಿದ್ದಾಳೆ, ಒಳಗ ಬಾರಬೇ ಅಕ್ಕಾ ಎಂದು ಎಷ್ಟು ಕರೆದರೂ ಒಲ್ಲೆ ಒಲ್ಲೆ, ಇಲ್ಲೇ ಬೇಸ್ ಅದ ಎನ್ನುತ್ತಾಳೆ, ಶಾಲೆಯ ಹೊಸ್ತಿಲನ್ನು ಅಕ್ಕ ದಾಟುವುದಿಲ್ಲ.

ಡಿಸ್ಲೆಕ್ಸಿಯಾ ಅಂತಾರಿದಕ್ಕ ಎಂದು ಮೇಡಂ ಮೊದಲ ದಿನ ಕರಿಹಲಗೆಯ ಮೇಲೆ ಬರೆದಾಗ ಪಕ್ಕದಲ್ಲಿದ್ದ ಶರಫುದ್ದೀನ ಮಾಸ್ತರರು ಒಳಗೊಳಗೇ ನಕ್ಕಿದ್ದರು, ಹೆಸರು ಕೇಳಿದ್ರ ಇಂಜೆಕ್ಷನ್ ಇದ್ದಂಗ ಅದ ನೋಡ್ರಿ ಟೀಚರ್ರ, ನಮ್ಮ ಕಡಿ ಇದಕ್ಕ ಒಂದೇ ದವಾ, ಬೆತ್ತ — ಸುತ್ತಲಿನವರೂ ನಕ್ಕರು, ಗುರುಬಾಯಿಯೂ ನಕ್ಕಳು, ಮೇಡಂ ಮಾತ್ರ ನಗದೆ ಒಂದೊಂದೇ ಹೇಳುತ್ತ ಹೋದರು, ಈ ಮಕ್ಕಳು ದಡ್ಡರಲ್ಲರಿ, ಕಣ್ಣು ಸರಿ ಇರ್ತಾವ, ಕಿವಿ ಸರಿ ಇರ್ತಾವ, ಕತಿ ಹೇಳಂದ್ರ ಊರು ಕೂಡಿಸ್ತಾವ, ಆದ್ರ ಸಪ್ಪಳಕ್ಕೂ ಅಕ್ಷರಕ್ಕೂ ಗಂಟು ಬೀಳೂದಿಲ್ಲ, ಮ್ಯಾಲಿನ ಸಾಲಿನಾಗ ಓದಿದ ಶಬ್ದ ಕೆಳಗಿನ ಸಾಲಿಗೆ ಬರೂದ್ರಾಗ ಹೊಸಾದಾಗಿ ಕುಂತಿರ್ತದ, ಪಾಪ, ಮರ್ಯಾದಿ ಉಳಿಸ್ಕೊಳ್ಳಾಕ ಪಾಠಕ್ಕ ಪಾಠಾನೇ ಬಾಯಿಪಾಠ ಮಾಡಿರ್ತಾವ — ಅಲ್ಲಿಗೆ ಗುರುಬಾಯಿಗೆ ನೆನಪಾದದ್ದು ನೆಲೋಗಿಯ ತವರುಮನೆಯ ಕಟ್ಟೆ, ಸಂಜೆ, ಅಪ್ಪನ ಕಿರಾಣಿ ಅಂಗಡಿಯ ಬೆಲ್ಲದ ವಾಸನೆ, ಅಫಜಲಪುರದಿಂದ ಬಂದ ಕಾಕಾನ ಮುಂದೆ ಅಪ್ಪ ಮೀಸೆ ತಿರುವುತ್ತ ನಮ್ಮ ಶಿವಕಾಂತಾ ಓದೂದ ಕೇಳು ಎನ್ನುತ್ತಾನೆ, ಅಕ್ಕ ಕಾಲು ಜೋಡಿಸಿ ನಿಂತು ಪುಸ್ತಕ ಎದೆಯೆತ್ತರ ಹಿಡಿದು ಗಂಟೆ ಬಾರಿಸಿದ ಹಾಗೆ ಓದುತ್ತಾಳೆ, ಕಾಕಾ ಭಲೇ ಎನ್ನುತ್ತಾನೆ, ಅಪ್ಪ ಅವಳ ಅಂಗೈಗೆ ಬೆಲ್ಲದ ಹೆಂಟೆ ಇಡುತ್ತಾನೆ, ಆಮೇಲೆ ಏನು ಸಂಶಯ ಬಂತೋ ಏನೋ, ಹೆಬ್ಬೆರಳನ್ನು ನಾಲಗೆಗೆ ಒತ್ತಿ, ಹಾಳೆ ತಿರುವಿ, ಈಗ ಇದನ್ನ ಓದು. ಅಯ್ಯೋ, ಆ ಹಾಳೆ ಬಾಯಿಪಾಠವಾಗಿರಲಿಲ್ಲ. ಬೆಲ್ಲ ಅಂಗೈಯಲ್ಲಿ ಕರಗಿ ಅಂಟಾಗುವವರೆಗೆ ಅಕ್ಕ ನಿಂತೇ ಇದ್ದಳು, ಅಪ್ಪ ಪುಸ್ತಕವನ್ನು ಅಂಗಳಕ್ಕೆ ಎಸೆದ, ಕಾಕಾ ಚಹಾ ಕುಡಿಯದೆ ಎದ್ದುಹೋದ.

ಅಪ್ಪ ಬೈದು ಸುಮ್ಮನಾದ, ಆದರೆ ಅವ್ವ ಸುಮ್ಮನಿರುವ ಜೀವವಲ್ಲ, ಓಣಿಯ ಚಮನಬಿ ಹೇಳಿದ್ದಳಂತೆ, ದರ್ಗಾದಾಗ ಪಿಂಗಾಣಿ ಬಟ್ಟಲದ ಮ್ಯಾಲ ಕೇಸರಿಲೆ ಬರದು ತೊಳದು ಕುಡಸ್ತಾರವ್ವ, ವಿದ್ಯಾ ಒಳಗ ಇಳೀತದ ಅಂತ, ಅವ್ವ ಎಲ್ಲಿಂದ ತರಬೇಕು ಕೇಸರಿ, ಕಲ್ಲಿನ ಪಾಟಿ, ಬಳಪವೇ ಸಾಕು ಎಂದುಕೊಂಡಳು, ದಿನಾ ಬೆಳಗ್ಗೆ ಬರಿಹೊಟ್ಟೆಯಲ್ಲಿ ಅಕ್ಕನನ್ನು ತುಳಸಿಕಟ್ಟೆಯ ಹತ್ತಿರ ಕೂಡಿಸುವುದು, ಪಾಟಿಯ ತುಂಬ ಅಕ್ಷರ ಬರೆಸುವುದು, ನೀರು ಹೊಯ್ದು ಅಂಗೈಯಿಂದ ತಿಕ್ಕಿ ತಂಬಿಗೆಗೆ ಬಸಿಯುವುದು, ಗಟಗಟ ಕುಡಿ ನನ್ನ ಕೂಸೇ, ಹೊಟ್ಯಾಗ ಹೋಗ್ಲಿ, ಅಲ್ಲಿಂದ ತಲಿಗೆ ಏರ್ತದ. ಅವ್ವನಿಗೆ ಓದು ಬಾರದು, ಅಪ್ಪ ಆ ಕಡೆ ತಿರುಗಿಯೂ ನೋಡನು, ಪಾಟಿಯ ಮೇಲೆ ಬರೆಯುವ ಕೆಲಸ ಸಣ್ಣವಳಾದ ಗುರುಬಾಯಿಯದು, ಆಗತಾನೇ ಶಾಲೆಗೆ ಹೋಗತೊಡಗಿದ್ದವಳು, ನಾಲಗೆ ಕಚ್ಚಿಕೊಂಡು ದುಂಡಗೆ ಬರೆಯುತ್ತಿದ್ದಳು, ದಿನಾ ಬರೆದಳು, ಬರೆದು ಬರೆದು ಬರೆದವಳು ಕಲಿತಳು, ಕುಡಿದವಳು ಕುಡಿಯುತ್ತಲೇ ಹೋದಳು, ಸುಣ್ಣದ ಹಾಗೆ ಬೆಳ್ಳಗಿನ ನೀರು, ತುಟಿಯ ಎರಡೂ ಅಂಚಿಗೆ ಒಣಗಿದ ಬಳಪ, ಅದನ್ನು ಲಂಗದ ತುದಿಯಿಂದ ಒರೆಸಿಕೊಳ್ಳುತ್ತ ಅಕ್ಕ ನಗುತ್ತಿದ್ದಳು, ಇವತ್ತು ಯಾವ ಅಕ್ಷರ ಕುಡಿಸಿದಿಬೇ ಗುರೂ, ಭಾಳ ಒಗರು. ಆ ಮಳೆಗಾಲ ಮುಗಿಯುವುದರೊಳಗೆ ಓದು ಇವಳ ಹಣೆಯಲ್ಲಿ ಇಲ್ಲ ಎಂದಾಯಿತು, ಸರಸಂಬಾದ ಶಿವರಾಯನ ಮನೆಯವರು ಬಂದರು, ಅಕ್ಕನಿಗೆ ಹಸಿರು ಬಳೆ ಇಟ್ಟರು, ಅವಳ ಪಾಟಿ, ಅವಳ ಚೀಲ, ಅವಳ ಶಾಲೆಯ ದಾರಿ ಗುರುಬಾಯಿಯ ಪಾಲಿಗೆ ಬಂತು. ಈಗಲೂ ಯಾರಾದರೂ ಕಾಗದ ಮುಂದೆ ಹಿಡಿದರೆ, ಬ್ಯಾಂಕಿನಲ್ಲಾಗಲಿ ಬಸ್ಸಿನ ಬೋರ್ಡಿನ ಕೆಳಗಾಗಲಿ, ಅಕ್ಕನ ಸೆರಗು ತಾನೇ ಬಾಯಿಗೆ ಹೋಗುತ್ತದೆ, ತುಟಿ ಒರೆಸಿಕೊಳ್ಳುತ್ತಾಳೆ, ಒರೆಸಲು ಅಲ್ಲಿ ಏನೂ ಇರುವುದಿಲ್ಲ.

ತರಬೇತಿಯ ಆ ಮೊದಲ ದಿನ ಆಳಂದದ ಬಸ್ಸು ಸರಸಂಬಾ ಮುಟ್ಟುವವರೆಗೆ ಗುರುಬಾಯಿ ಕಿಟಕಿಗೆ ತಲೆಯಾನಿಸಿ ಅತ್ತಿದ್ದಳು, ಕಂಡಕ್ಟರ್ ಯಾರ ತೀರ್ಕೊಂಡಾರ್ರಿ ಅಕ್ಕಾರ ಎಂದು ಕೇಳಿದ್ದ, ಯಾರೂ ಇಲ್ಲಪಾ ಎಂದಿದ್ದಳು. ಯಾರೂ ಇಲ್ಲ ಹೇಗೆ, ಕಟ್ಟೆಯ ಮೇಲೆ ಪುಸ್ತಕ ಹಿಡಿದು ನಿಂತ ಒಬ್ಬಳು ಹುಡುಗಿ ಇದ್ದಳಲ್ಲ. ಹೋದವಳು ಹೋದಳು, ಆದರೆ ಮಾಣಿಕ ಇನ್ನೂ ಕೈಯಲ್ಲಿದ್ದಾಳೆ, ಅದೇ ಅಕ್ಕನ ಕಣ್ಣು, ಅದೇ ತೊಂದರೆ, ತಾಯಿಯ ಹೊಟ್ಟೆಯಿಂದ ಬಂದದ್ದು, ಒಮ್ಮೆ ನಪಾಸಾಗಿದ್ದಾಳೆ, ಈ ವರ್ಷನೂ ಹಂಗೇ ಆದ್ರ ಸಾಕು, ಮನಿಯಾಗ ಕೂಡ್ಲಿ, ಗಂಡು ನೋಡ್ತೇನಿ ಎಂದು ಮಾಣಿಕನ ಅಪ್ಪ ಶಿವರಾಯ ಮಾವ ಉಂಡ ತಾಟಿನಲ್ಲಿ ಕೈ ತೊಳೆಯುತ್ತ ಹೇಳಿಬಿಟ್ಟಿದ್ದಾನೆ, ಅವನ ಮಾತು ಒಂದೇ. ಮೇಡಂ ಆರಿಸಿದ ಮಕ್ಕಳಿಗೆ ವಾರ ವಾರ ಬೇರೆ ಪಾಠ, ಮರಳಿನ ಮೇಲೆ ಬೆರಳಾಡಿಸಿ ಸಪ್ಪಳ ಹೇಳುತ್ತ ಕಲಿಯುವುದು, ಪರೀಕ್ಷೆಯನ್ನು ಬಾಯಿಮಾತಿನಲ್ಲೇ ಕೊಡಬಹುದು, ನಪಾಸು ಎನ್ನುವಂತಿಲ್ಲ — ಅಷ್ಟು ಸಿಕ್ಕರೆ ಸಾಕು, ಹುಡುಗಿ ಉಳಿಯುತ್ತಾಳೆ. ಆದರೆ ಬಾಯಿಮಾತಿನಲ್ಲೇ ಪರೀಕ್ಷೆ ಎಂಬ ಸುದ್ದಿ ಹಬ್ಬಿದ್ದೇ ತಡ, ನಮ್ಮ ಅಣ್ಣನ ಮಗಂದೂ ಬರಕೊಳ್ರಿ, ನಮ್ಮ ಭಾವನ ಮಗಳಿಗೂ ಅದೇ ಬ್ಯಾನಿ ಅದರಿ ಎಂದು ಮಾಸ್ತರರು ಮುಗಿಬಿದ್ದರು, ಮೇಡಂ ಕೈ ಮುಗಿದರು, ಸಂಬಂಧದವರ ಮಾತು ಕೇಳಿ ನಾ ಬರಕೊಳ್ಳೂದಿಲ್ಲರಿ, ಕಡೀ ದಿನ ಮಕ್ಕಳನ್ನ ಕರಕೊಂಡು ಬರ್ರಿ, ಅವರವರ ಪುಸ್ತಕದಾಗ ಈಗ ನಡದ ಪಾಠಾನೇ ಓದಸ್ತೀನಿ, ನನ್ನ ಕಣ್ಣಿಗೆ ಕಂಡದ್ದಷ್ಟೇ ಖರೆ. ಗುರುಬಾಯಿ ಅಕ್ಕನ ಒಲೆಯ ಮುಂದೆ ಕೂತು ಬಿಡಿಸಿ ಬಿಡಿಸಿ ಹೇಳಿದಳು, ಇದು ಪರೀಕ್ಷೆ ಅಲ್ಲಬೇ ಅಕ್ಕಾ, ಓದಾಕ ಬರಲಿಲ್ಲಂದ್ರ ಬರಲಿಲ್ಲ ಅನ್ಲಿ, ಅದನ್ನೇ ನೋಡಾಕ ಕರ್ದಾರ, ಅಕ್ಕ ರೊಟ್ಟಿ ಬಡಿಯುತ್ತ ಹೂಂ ಎಂದಳು, ಮತ್ತೆ ಹೂಂ ಎಂದಳು, ರೊಟ್ಟಿ ತಿರುವಿ ಹಾಕಿ ಕೇಳಿದಳು, ಊರ ಮಂದಿ ಎಲ್ಲಾ ಇರ್ತಾರೇನು ಅಲ್ಲಿ? ಆ ಮಾತನ್ನು ಆಗಲೇ ಹಿಡಿದುಕೊಳ್ಳಬೇಕಿತ್ತು. ಬಾರದ್ದನ್ನು ತೋರಿಸಲೆಂದು ಯಾವ ತಾಯಿ ಮಗಳಿಗೆ ಕೆಂಪು ರಿಬ್ಬನ್ ಕಟ್ಟಿ ಕರೆತರುತ್ತಾಳೆ.

ಗುಬ್ಬಿಯೊಂದು ಜೋಳದ ಹೊಲಕ್ಕೆ ಬಂದಿತು — ಮಾಣಿಕನ ದನಿ. ಗುರುಬಾಯಿ ತಲೆಯೆತ್ತಿದಳು. ತೆನೆಯ ಮೇಲೆ ಕುಳಿತು ಅತ್ತ ಇತ್ತ ನೋಡಿತು, ಹೊಲದ ಒಡೆಯನು ಬರುವುದನ್ನು ಕಂಡು — ಎಡವಿಲ್ಲ, ತಡೆದಿಲ್ಲ, ಗಂಟೆ ಬಾರಿಸಿದ ಹಾಗೆ, ಬಾಯಿಪಾಠದ ಮಾತು ಹೇಳಿದ ಮೇಡಂ ಕೂಡ ಕಣ್ಣುಮುಚ್ಚಿ ತಲೆದೂಗುತ್ತಿದ್ದಾರೆ, ಶರಫುದ್ದೀನ ಮಾಸ್ತರರು ಮೊಣಕೈಯಿಂದ ತಿವಿದು ನಿಮ್ಮ ಹುಡುಗಿ ಹುಷಾರ ಅದಾಳಲ್ರೀ, ಸುಮ್ನ ಹೆದರಿಸಿದ್ರಿ ನಮ್ಮನ್ನ ಎನ್ನುತ್ತಾರೆ, ಗುರುಬಾಯಿಯ ಕಣ್ಣು ಹುಡುಗಿಯ ಬೆರಳಿನ ಮೇಲೆ, ಬೆರಳು ಇನ್ನೂ ಮೊದಲ ಸಾಲಿನಲ್ಲೇ ಇದೆ, ಬಾಯಿ ಹೊಲ ದಾಟಿ ಕೆರೆಯ ದಂಡೆಗೆ ಹೋಗಿದೆ — ಬಾಗಿಲಿಗೆ ನೋಡಿದಳು, ಶಿವನೇ, ಅಕ್ಕನ ತುಟಿ ಅಲ್ಲಾಡುತ್ತಿದೆ, ಸದ್ದಿಲ್ಲದೆ, ಮಗಳಿಗಿಂತ ಒಂದು ಮಾತು ಮುಂದೆ, ಅಕ್ಕ ಗುಬ್ಬಿ ಎಂದ ಮೇಲೆ ಮಗಳ ಗುಬ್ಬಿ, ಅಕ್ಕ ಹಾರಿತು ಎಂದ ಮೇಲೆ ಮಗಳ ಗುಬ್ಬಿ ಹಾರುತ್ತದೆ. ಅಕ್ಕನ ಪಕ್ಕದ ಮನೆಯ ಶರೀಫಾಬಿಯ ಮಗಳು ಕಟ್ಟೆಯ ಮೇಲೆ ದಿನಾ ದೊಡ್ಡ ದನಿಯಲ್ಲಿ ಓದುತ್ತಾಳೆ, ಅಲ್ಲಿಂದ ಕಿವಿಯಲ್ಲಿ ತುಂಬಿಕೊಂಡಿರಬೇಕು, ಹೊಲದಿಂದ ಬಂದ ಮೈಕೈ ನೋವಿನಲ್ಲಿ ಗೋಡೆಯಾಚೆ ಕೂತು, ಒಲೆಯ ಮುಂದೆ ಮಗಳಿಗೆ ತುತ್ತಿನ ಜೊತೆ ಉಣಿಸಿರಬೇಕು, ತಾನು ಯಾವ ಉಪಾಯದಿಂದ ಉಳಿಯಲು ನೋಡಿದ್ದಳೋ ಅದೇ ಉಪಾಯವನ್ನು, ಆಸ್ತಿಯ ಹಾಗೆ. ಮತ್ತು ಆ ಮುಖ. ಅಷ್ಟು ವರ್ಷದಲ್ಲಿ ಗುರುಬಾಯಿ ಅಕ್ಕನ ಮುಖ ಹಾಗೆ ಅರಳಿದ್ದು ಕಂಡಿರಲಿಲ್ಲ, ಮದುವೆಯಲ್ಲೂ ಇಲ್ಲ, ಮಾಣಿಕ ಹುಟ್ಟಿದಾಗಲೂ ಇಲ್ಲ, ಚಪ್ಪಲಿ ಎದೆಗೆ ಒತ್ತಿಕೊಂಡು, ಒಂದು ಕಾಲು ಹೊಸ್ತಿಲ ಒಳಗೆ, ಹೌದು, ಒಳಗೆ ಇಟ್ಟಿದ್ದಾಳೆ.

ಶಾಭಾಸ್ ಎಂದರು ಮೇಡಂ, ಚಪ್ಪಾಳೆ ಬಿತ್ತು, ಈ ಹುಡುಗಿಗೆ ಏನೂ ತೊಂದ್ರಿ ಇಲ್ಲ, ಮುಂದಿನವರು ಬರ್ರಿ. ಸುಮ್ಮನಿದ್ದುಬಿಡಲೇ, ಈ ಒಂದು ಚಪ್ಪಾಳೆಯನ್ನು ಅಕ್ಕ ಸರಸಂಬಾಕ್ಕೆ ಒಯ್ಯಲಿ, ಎಷ್ಟು ವರ್ಷ ತಡವಾಗಿ ಬಂದದ್ದು, ಒಯ್ಯಲಿ — ಏಪ್ರಿಲಿನಲ್ಲಿ ಪರೀಕ್ಷೆ, ಕಾಣದ ಪ್ರಶ್ನೆಪತ್ರಿಕೆ, ಅಲ್ಲಿ ಗುಬ್ಬಿ ಬರುವುದಿಲ್ಲ, ಗಂಡು ನೋಡ್ತೇನಿ, ಹಸಿರು ಬಳೆ — ಆಮೇಲೆ ಮೇಡಂ ಕಿವಿಯಲ್ಲಿ ಹೇಳಿದರೆ, ಸಂಬಂಧದವರ ಮಾತು ಕೇಳೂದಿಲ್ಲರಿ, ನನ್ನ ಕಣ್ಣಿಗೆ ಕಂಡದ್ದಷ್ಟೇ — ಮಧ್ಯಾಹ್ನದ ಬಸ್ಸಿಗೆ ಹೊರಟುಹೋಗುತ್ತಾರೆ ಅವರು, ಈಗಿಲ್ಲದಿದ್ದರೆ ಇಲ್ಲ, ಮೊಣಕಾಲು ಬೆಂಚಿಗೆ ಬಡಿಯಿತು, ಬೆಂಚು ಕಿರ್ರೆಂದಿತು, ಎದ್ದಿದ್ದಾಳೆ, ನಡೆದಿದ್ದಾಳೆ, ಎಲ್ಲರೂ ನೋಡುತ್ತಿದ್ದಾರೆ, ಮೇಡಂ ಒಂದು ನಿಮಿಷರಿ, ಹುಡುಗಿಯ ಮುಂದಿನ ಪುಸ್ತಕ, ಹೆಬ್ಬೆರಳು ನಾಲಗೆಗೆ ಹೋಯಿತು, ಹೋದಾಗ ತಿಳಿಯಿತು ಇದು ಯಾರ ಕೈ ಎಂದು, ನೆಲೋಗಿಯ ಕಟ್ಟೆಯ ಮೇಲಿನ ಕೈ, ತಿಳಿದರೂ ಹಾಳೆ ತಿರುವಿಯಾಗಿತ್ತು, ಇದನ್ನ ಓದವ್ವ ಮಾಣಿಕ, ಬರದಿದ್ರೂ ನಡೀತದ, ನನ್ನ ಕೂಸೇ, ಬರದಿದ್ರೂ ನಡೀತದ.

ಮಾಣಿಕ ಹಾಳೆ ನೋಡಿದಳು. ಚಿಗವ್ವನ ಮುಖ ನೋಡಿದಳು. ಮೊದಲ ಅಕ್ಷರದ ಮೇಲಿಟ್ಟ ಬೆರಳು ಅಲ್ಲೇ ಉಳಿಯಿತು, ಅದೇ ಕಟ್ಟೆ, ಬೆಲ್ಲವೊಂದು ಇಲ್ಲ, ಮೇಡಂ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು, ಅವರ ದನಿಯೇ ಬೇರೆಯಾಯಿತು, ಹೀಂಗೇನು, ಇರಲಿ ಇರಲಿ ಪುಟ್ಟಿ, ನಾವಿಬ್ರೂ ಕೂಡಿ ಕಲಿಯೋಣಂತ, ಪೆನ್ನು ತೆಗೆದರು, ಹೆಸರು ಬರೆದುಕೊಂಡರು, ಆಯಿತು, ಗುರುಬಾಯಿ ಬೇಡಿದ್ದು ಇದೇ, ಹುಡುಗಿ ಉಳಿದಳು, ಎಲ್ಲ ಸರಿಯಾಗಿಯೇ ಆಯಿತು, ಇದು ಅದಲ್ಲಬೇ ಅಕ್ಕಾ, ಅಪ್ಪ ಮಾಡಿದ್ದಲ್ಲ ಇದು ಎಂದು ಕೂಗಿ ಹೇಳಬೇಕು, ಬಾಗಿಲಲ್ಲಿ ಅಕ್ಕನ ತುಟಿ ನಿಂತುಹೋಗಿದೆ, ಹೊಸ್ತಿಲ ಒಳಗಿಟ್ಟ ಕಾಲು ಹೊರಗೆ ಹೋಗಿದೆ, ನೀನೂನೇನು ಗುರೂ ಎಂದಳು, ಅಷ್ಟೇ, ಬೈಯಲಿಲ್ಲ, ಸೆರಗು ಬಾಯಿಗೆ ಏರಿತು. ಮಾಣಿಕ ತಾಯಿಯನ್ನು ನೋಡಿದಳು, ಮುಂಗೈಯಿಂದ ತುಟಿಯನ್ನು ಒರೆಸಿಕೊಂಡಳು, ಮೆಲ್ಲಗೆ ಕೇಳಿದಳು, ಚಿಗವ್ವಾ, ಮತ್ತ ಮುಂಜಾನಿ ಅವ್ವ ಕುಡಿಸಿದ್ದಳಲ್ಲ, ಯಾಕ ಬರಲಿಲ್ಲ. ಹಾಲು ಎಲ್ಲಿಂದ ಬರಬೇಕು, ಅಕ್ಕನ ಎಮ್ಮೆ ದೀಪಾವಳಿಗೇ ಬತ್ತಿದೆ, ಹಾಲಲ್ಲ, ಒರೆಸಿದರೂ ಹೋಗಿಲ್ಲ, ತುಟಿಯ ಅಂಚಿನಲ್ಲಿ ಬೆಳ್ಳಗೆ, ಬಳಪ.